ಮೊದಲ ಧಾರೆ

ಫೆಬ್ರವರಿ 3, ಸೋಮವಾರ

ಎಳ್ಳಿನ ವ್ಯಾಪಾರಿ ಹೊಸ ವರ್ಷಕ್ಕೆಂದು ಕೊಟ್ಟ ಡೈರಿ ಇಷ್ಟು ದಿನ ಹಿಂಡಿ ಚೀಲದ ಮೇಲೆ ಬಿದ್ದಿತ್ತು. ಅಂಚಿಗೆಲ್ಲ ಎಣ್ಣೆ ಹತ್ತಿದೆ. ಇರಲಿ, ಗಾಣದ ಮನೆಯಲ್ಲಿ ಎಣ್ಣೆ ಹತ್ತದ ವಸ್ತು ಯಾವುದಿದೆ. ಪುಕ್ಕಟೆ ಕೊಟ್ಟ ಪುಣ್ಯಾತ್ಮ ಚೆನ್ನಾಗಿರಲಿ. ಯಾರ ಹತ್ತಿರವೂ ಹೇಳಲಾಗದ್ದನ್ನು ಇಡಲು ನನಗೊಂದು ಜಾಗ ಬೇಕಾಗಿತ್ತು.

ಇವತ್ತು ಮಗಳು ಚೋಟುವಿನ ರಕ್ತದ ವರದಿ ಬಂತು. ಕೊಲೆಸ್ಟರಾಲ್ ಇಳಿದಿಲ್ಲ, ಏರಿದೆ. ಹೊಟ್ಟೆ ಬೆಳೆಸಿಕೊಂಡ ಗಂಡಸರಿಗೂ ಬರದಂಥ ಅಂಕಿ, ಒಂಬತ್ತು ವರ್ಷದ ಕಡ್ಡಿಯಂಥ ಹುಡುಗಿಗೆ. ಮೊಣಕೈ ಮೊಣಕಾಲುಗಳ ಮೇಲಿನ ಹಳದಿ ಗಂಟುಗಳು ಕಡಲೆಬೀಜದಷ್ಟಿದ್ದವು, ಈಗ ಇನ್ನೂ ದಪ್ಪಗಾಗಿವೆ. ಬೆಣ್ಣೆ, ಮೊಟ್ಟೆ, ಮಾಂಸ ಪೂರ್ತಿ ಬಿಡಿಸಿ, ಅಡುಗೆಗೆ ಬೀಜದ ಎಣ್ಣೆಯನ್ನೇ ಬಳಸಿ ಎಂದು ಮಕ್ಕಳ ಡಾಕ್ಟರು ಕಳೆದ ವರ್ಷ ಹೇಳಿದ್ದರು. ಹಾಗೇ ನಡೆಸಿದ್ದೇವೆ. ಅವರು ನಂಬಲಿಲ್ಲ.

"ಮನೆಯಲ್ಲಿ ಯಾರೋ ಕದ್ದು ತಿನ್ನಿಸ್ತಿದ್ದಾರಮ್ಮ. ಅಂಕಿ ಸುಳ್ಳು ಹೇಳಲ್ಲ" ಎಂದು ನನ್ನನ್ನೇ ನೋಡಿದರು. ಬಾಗಿಲು ತೆರೆದಿತ್ತು, ಸಾಲಿನಲ್ಲಿ ಕೂತವರಿಗೆಲ್ಲ ಕೇಳಿಸಿರಬೇಕು. ನಾನು ಹೂಂ ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ. ಒಳ್ಳೆಯವರು ಅವರು. ಅಷ್ಟು ಜನ ಕಾಯುತ್ತಿರುವಾಗ ನಮ್ಮ ಮಗುವಿಗಾಗಿ ಬೈಯುವಷ್ಟು ಹೊತ್ತು ಕೊಟ್ಟರಲ್ಲ, ಅದೇ ದೊಡ್ಡದು.

ನಮ್ಮವರು ಹೋಗಿ ಮೂರು ವರ್ಷವಾಯಿತು. ಮೂವತ್ತಾರರ ವಯಸ್ಸು. ಗಾಣದ ಬಾಗಿಲಲ್ಲಿ ಚೀಲ ಎತ್ತುತ್ತಿದ್ದವರು ಹಾಗೇ ಕುಸಿದರು. ಹೃದಯದ ನಾಳ ಕಟ್ಟಿಕೊಂಡಿತ್ತಂತೆ. ಅದಕ್ಕೇ ಈ ಮನೆಯಲ್ಲಿ ಯಾರಾದರೂ ಕೊಲೆಸ್ಟರಾಲ್ ಎಂಬ ಮಾತೆತ್ತಿದರೆ ಮಾವ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಫೆಬ್ರವರಿ 4, ಮಂಗಳವಾರ

ನಿನ್ನೆ ಬರೆದದ್ದರಲ್ಲಿ ಮಾವನ ವಿಷಯವೇ ಇಲ್ಲ. ಅಷ್ಟು ಕೃತಘ್ನಳಾಗಬಾರದು.

ನಮ್ಮವರು ಹೋದಾಗ ನಮ್ಮಣ್ಣ ಬಂದು, ತಂಗೀನ ಮಗೂನ ಕರೆದುಕೊಂಡು ಹೋಗ್ತೀನಿ ಅಂದ. ಮಾವ ಕಣ್ಣೊರೆಸಿಕೊಂಡು, "ಇದು ಅವಳ ಮನೆ. ಎಲ್ಲಿಗೆ ಹೋಗ್ತಾಳೆ" ಅಂದರು. ಆ ಒಂದು ಮಾತಿನ ಮೇಲೆ ಬದುಕಿದ್ದೇನೆ. ನನ್ನನ್ನು ಅಂಗಡಿಯ ಗಲ್ಲಾದಲ್ಲಿ ಕೂರಿಸಿದರು, ಎಣ್ಣೆ ಅಳೆಯುವುದು ಕಲಿಸಿದರು, ಒಂದು ದಿನ ಗದರಿದವರಲ್ಲ. ನಾನೂ ಅವರಿಗೆ ಬೇಸರವಾಗುವ ಒಂದು ಕೆಲಸ ಮಾಡಿಲ್ಲ. ಕಿಟಕಿ ತೆರೆಯುವುದಿದ್ದರೂ ಕೇಳಿಯೇ ತೆರೆಯುತ್ತೇನೆ. "ತೆಗಿಯಮ್ಮ, ಕಿಟಕಿಗೂ ಅಪ್ಪಣೆ ಬೇಕಾ" ಎಂದು ನಗುತ್ತಾರೆ.

ಚೋಟು ಎಂದು ಹೆಸರಿಟ್ಟವರೂ ಅವರೇ. ಹುಟ್ಟಿದಾಗ ಚೋಟುದ್ದ ಇದ್ದಳಂತೆ. ಬೆಳಗ್ಗೆ ಗಾಣ ತಿರುಗಿ ಎಳ್ಳು ಬಿಸಿಯಾಗಿ ಕೊಳವೆಯಿಂದ ಇಳಿಯುವ ಮೊದಲ ಧಾರೆಯನ್ನು ಈ ಮನೆಯಲ್ಲಿ ಮಾರುವುದಿಲ್ಲ. ಅದು ಮನೆಯ ಅತಿ ಚಿಕ್ಕವರಿಗೆ. ಮಾವನಿಗೆ ಅವರಪ್ಪ ಕುಡಿಸುತ್ತಿದ್ದರು, ನಮ್ಮವರಿಗೆ ಮಾವ ಕುಡಿಸಿದರು, ಈಗ ಚೋಟುವಿಗೆ. ಒಂದು ಸ್ಟೀಲ್ ಬಟ್ಟಲು. ಅವಳು ಮೂಗು ಹಿಡಿದು ಗಟಗಟ ಕುಡಿದು, ನಾಲಿಗೆ ಚಾಚಿ ಇಡೀ ಗಾಣದ ಮನೆಗೆ ತೋರಿಸುತ್ತಾಳೆ.

ಮಾವ ನಿನ್ನೆಯ ಅಂಕಿ ಎಷ್ಟೆಂದು ಕೇಳಿದರು. ಆಮೇಲೆ ನನ್ನನ್ನು ಒಳಗೆ ಕರೆದು, "ಬೇಜಾರು ಮಾಡ್ಕೋಬೇಡ. ಮಗು ಹಟ ಮಾಡ್ತು ಅಂತ ಮೊಟ್ಟೆ ಗಿಟ್ಟೆ ಏನಾದ್ರೂ..." ಎಂದು ನಿಲ್ಲಿಸಿದರು.

ಇಲ್ಲ ಮಾವ, ಅಂದೆ. ಆಳುಗಳ ಎದುರು ಕೇಳದೆ ಒಳಗೆ ಕರೆದು ಕೇಳಿದರಲ್ಲ, ಅವರ ದೊಡ್ಡತನ. ನಾಳೆಯಿಂದ ಬಟ್ಟಲು ಎರಡಂತೆ.

ಫೆಬ್ರವರಿ 16, ಭಾನುವಾರ

ಎರಡು ಬಟ್ಟಲು, ಜೇಬಿನ ತುಂಬ ಕಡಲೆಬೀಜ, ಸಂಜೆಗೆ ಸೂರ್ಯಕಾಂತಿ ಬೀಜ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೇನೆ, ಶಾಲೆಯಲ್ಲೂ ಬೆಣ್ಣೆ ಬಿಸ್ಕತ್ತು ಮುಟ್ಟದ ಹಾಗೆ ನೋಡಿಕೊಂಡಿದ್ದೇನೆ. ಆದರೂ ಮಗು ಬಿಳುಚಿಕೊಂಡಿದೆ. ಮೆಟ್ಟಿಲು ಹತ್ತಿದರೆ ಏದುಸಿರು. ಮಂಚದ ಕಾಲು ತಾಗಿದರೂ ಮೈ ನೀಲಿಗಟ್ಟುತ್ತದೆ. ಈ ಸೆಕೆಯಲ್ಲೂ ಉದ್ದ ತೋಳಿನ ಅಂಗಿಯೇ ಬೇಕು ಅವಳಿಗೆ. ಯಾಕೆಂದು ಕೇಳಿದ್ದಕ್ಕೆ, "ಮೊಣಕೈ ಮೇಲೆ ಬೀಜ ಬೆಳೆದಿದೆ, ಯಾವಾಗ ಕೊಯ್ತೀಯ ಅಂತ ಕೇಳ್ತಾರೆ" ಅಂದಳು. ಅವಳು ನಗುತ್ತಲೇ ಹೇಳಿದಳು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಫೆಬ್ರವರಿ 21, ಶುಕ್ರವಾರ

ಮೂಗಿನಿಂದ ರಕ್ತ. ಒಂದು ಟವಲು ಪೂರ್ತಿ ನೆನೆಯಿತು. ಮಕ್ಕಳ ಡಾಕ್ಟರು ಈ ಸಲ ಬೈಯಲಿಲ್ಲ. ದೊಡ್ಡಾಸ್ಪತ್ರೆಯ ರಕ್ತದ ವಿಭಾಗಕ್ಕೆ ತಾವೇ ಫೋನು ಮಾಡಿ ದಿನ ಗೊತ್ತುಮಾಡಿಸಿದರು. ಅವರ ಮಕ್ಕಳು ನೂರು ಕಾಲ ಬಾಳಲಿ.

ಮಾರ್ಚ್ 1, ಶನಿವಾರ

ರಕ್ತದ ಡಾಕ್ಟರಮ್ಮ ನನಗಿಂತ ಚಿಕ್ಕವರಿರಬೇಕು. ಕನ್ನಡಕ ಮೂಗಿನ ತುದಿಗೆ ಜಾರುತ್ತಲೇ ಇರುತ್ತದೆ, ಒಂದೇ ಬೆರಳಿನಿಂದ ಮೇಲೆ ತಳ್ಳುತ್ತಾರೆ. ಚೋಟುವಿನ ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು. ರಕ್ತ ಹೆಪ್ಪುಗಟ್ಟಿಸುವ ಕಣಗಳು ಕಡಿಮೆಯಿವೆಯಂತೆ, ಇರುವವೂ ಊದಿಕೊಂಡಿವೆಯಂತೆ. ಕೆಂಪು ಕಣಗಳ ಆಕಾರವೂ ಸರಿಯಿಲ್ಲ.

"ಮನೆಯಲ್ಲಿ ಏನು ಊಟ?" ಎಂದು ಕೇಳಿದರು. ನಾನು ಶುರುಮಾಡಿದೆ: ಬೆಣ್ಣೆ ಕೊಟ್ಟಿಲ್ಲ ಮೇಡಂ, ಮೊಟ್ಟೆ ಕೊಟ್ಟಿಲ್ಲ.

"ಕೊಡದೇ ಇರೋದು ಬಿಡಿ. ಕೊಡೋದು ಏನು?"

ಇದುವರೆಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಎಳ್ಳೆಣ್ಣೆ, ಕಡಲೆಬೀಜ, ಮೊದಲ ಧಾರೆ, ಎರಡು ಬಟ್ಟಲು ಎಲ್ಲ ಹೇಳಿದೆ. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನಗೊಂದು ಅನುಮಾನ ಇದೆ, ಅಂದರು. ರಕ್ತವನ್ನು ಬೇರೆ ಊರಿನ ಪ್ರಯೋಗಾಲಯಕ್ಕೆ ಕಳಿಸಬೇಕಂತೆ, ಅಲ್ಲಿನ ಯಂತ್ರ ಮಾತ್ರ ಕೊಲೆಸ್ಟರಾಲಿನ ಜೊತೆ ಬೆರೆತದ್ದನ್ನು ಬೇರ್ಪಡಿಸಿ ಅಳೆಯುತ್ತದಂತೆ. ಅಲ್ಲಿಯವರೆಗೆ ಎಣ್ಣೆ, ಬೀಜ ಏನೂ ಬೇಡ ಎಂದರು.

"ಏನೂ ಅಂದ್ರೆ?"

"ಒಂದು ಹನಿಯೂ ಬೇಡ. ಮೊಟ್ಟೆ ಕೊಡಿ ಬೇಕಾದ್ರೆ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ಗಾಣದ ಯಜಮಾನರಿಗೆ ಹೋಗಿ, ನಿಮ್ಮ ಎಣ್ಣೆ ಬೇಡ ಎನ್ನುವುದು ಹೇಗೆ? ಅನುಮಾನವಷ್ಟೇ ತಾನೆ. ಖಾತ್ರಿಯಾಗಲಿ ನೋಡೋಣ.

ಮಾರ್ಚ್ 2, ಭಾನುವಾರ

ಮಾವ ಬಟ್ಟಲು ತುಂಬಿಸಿದರು. "ಇನ್ನೂ ಹಲ್ಲುಜ್ಜುತ್ತಿದ್ದಾಳೆ, ಒಳಗೇ ಕುಡಿಸ್ತೀನಿ ಮಾವ" ಎಂದು ತೆಗೆದುಕೊಂಡು ಹೋದೆ. ಚೆಲ್ಲಲು ಮನಸ್ಸು ಬರಲಿಲ್ಲ. ಅವರು ಬೆವರು ಸುರಿಸಿ ತೆಗೆದ ಎಣ್ಣೆ. ನಾನೇ ಕುಡಿದುಬಿಟ್ಟೆ. ಎರಡನೆಯದನ್ನೂ.

ಚೋಟು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ತಾತನಿಗೆ ಹೇಳಲ್ಲ. ಆದ್ರೆ ದಿನಾ ನೀನೇ ಕುಡೀಬೇಕು" ಅಂದಳು. ಇಂಥ ಮಗಳಿರುವುದು ನನ್ನ ಪುಣ್ಯ.

ಮಾರ್ಚ್ 6, ಗುರುವಾರ

ಡಾಕ್ಟರಮ್ಮ ಫೋನು ಮಾಡಿದ್ದರು. ಒಂದು ವಿಷಯ ಕೇಳಲು ಮರೆತಿದ್ದರಂತೆ. ಮಗುವಿನ ತಂದೆಗೂ ಮೈಮೇಲೆ ಇಂಥ ಗಂಟುಗಳಿದ್ದವೇ?

ಇದ್ದವು.

ಹಿಮ್ಮಡಿಯ ಮೇಲೆ, ಎರಡೂ ಕಾಲಿಗೆ. ಬೂಟು ಕಚ್ಚಿ ಆದದ್ದು ಅನ್ನುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನೇ ಅವನ್ನು ಒತ್ತಿ ನೋಡಿ ತಮಾಷೆ ಮಾಡಿದ್ದೆ. ಗಟ್ಟಿಯಾಗಿ, ಹಳದಿಯಾಗಿ ಇದ್ದವು.

ಫೋನು ಇಟ್ಟ ಮೇಲೆ ಗಲ್ಲಾದಲ್ಲಿ ಕೂತೆ. ಗಿರಾಕಿ ಒಂದು ಲೀಟರು ಕೇಳಿದರೆ ಎರಡು ಅಳೆದುಕೊಟ್ಟೆನಂತೆ, ಅವರೇ ನಗುತ್ತಾ ವಾಪಸು ಕೊಟ್ಟರು. ಪ್ರಾಮಾಣಿಕರು.

ಆ ಕಡೆ ಮಾವ ಕೊಳವೆಯ ಕೆಳಗೆ ಕೈಯೊಡ್ಡಿ ಎಣ್ಣೆಯ ಬಿಸಿ ನೋಡುತ್ತಿದ್ದರು. ನಮ್ಮವರಿಗೆ ಹದಿನೈದು ತುಂಬುವವರೆಗೂ ಅದೇ ಕೈಯಿಂದ ಕುಡಿಸಿದ್ದರು. ಚೋಟುವಿಗೆ ಎಣ್ಣೆ ಯಾಕೆ ಬೇಡ ಎಂದು ಹೇಳಿದ ಕ್ಷಣವೇ ಮಾವ ಮಗನ ಲೆಕ್ಕವನ್ನೂ ಹಾಕಿಬಿಡುತ್ತಾರೆ. ಅವರು ದಡ್ಡರಲ್ಲ. ಮಗನನ್ನು ಮಣ್ಣು ಮಾಡಿ ಬಂದು ಈ ಮುದುಕ ಮರುವಾರವೇ ಗಾಣ ತಿರುಗಿಸಿದ್ದು ನಮ್ಮಿಬ್ಬರ ಹೊಟ್ಟೆಗಾಗಿ. ಅವರ ಎದೆಗೆ ಈ ಮಾತನ್ನು ನಾನು ಹೇಗೆ ಇಳಿಸಲಿ?

ಹೇಳುವುದಿಲ್ಲ. ಬಟ್ಟಲು ನಾನೇ ಕುಡಿಯುತ್ತಿದ್ದರಾಯಿತು.

ಮಾರ್ಚ್ 13, ಗುರುವಾರ

ಎದುರು ಸಾಲಿನ ಬೆಣ್ಣೆಯಕ್ಕ, ಅಂದರೆ ಹಾಲು ಬೆಣ್ಣೆಯ ಅಂಗಡಿಯಾಕೆ, "ಏನೇ, ಮುಖ ಫಳಫಳ ಹೊಳೀತಿದೆ" ಅಂದಳು. ಹೊಳೆಯದೆ ಏನು, ಲೀಟರುಗಟ್ಟಲೆ ಒಳಗೆ ಹೋಗಿದೆ. ಹೊಟ್ಟೆ ಮಾತ್ರ ನನ್ನದಲ್ಲ ಅನ್ನಿಸುತ್ತಿದೆ.

ಚೋಟುವಿನ ಮೂಗಿನಿಂದ ಈ ವಾರ ರಕ್ತ ಬಂದಿಲ್ಲ. ಬಾಯಿಬಿಟ್ಟು ಹೇಳಲು ಭಯ, ಆದರೂ ಬರೆದಿಡುತ್ತೇನೆ.

ಮಾರ್ಚ್ 24, ಸೋಮವಾರ

ಅನುಮಾನ ನಿಜವಾಯಿತು. ಡಾಕ್ಟರಮ್ಮ ವೇಗವಾಗಿ ಹೇಳಿ ಮುಗಿಸಿದರು. ನನಗೆ ಅರ್ಧ ತಲೆಯ ಮೇಲೆ ಹೋಯಿತು. ಎದ್ದು ಬರುವವಳು ಮತ್ತೆ ಕೂತೆ. "ಇನ್ನೊಂದು ಸಲ ಹೇಳಿ ಮೇಡಂ, ಮನೆಗೆ ಹೋಗಿ ನಾನು ಒಬ್ಬರಿಗೆ ಹೇಳಬೇಕು" ಅಂದೆ. ಪಾಪ, ಕಾಗದ ತೆಗೆದು ಚಿತ್ರ ಬರೆದೇ ಹೇಳಿದರು.

ನಮ್ಮ ಕರುಳಿನ ಗೋಡೆಯಲ್ಲಿ ಪ್ರೋಟೀನಿನಿಂದಾದ ಒಂದು ಬಾಗಿಲಿದೆಯಂತೆ. ಊಟದಲ್ಲಿರುವ ಕೊಲೆಸ್ಟರಾಲನ್ನು ಒಳಗೆ ಬಿಟ್ಟುಕೊಳ್ಳುವುದು ಅದರ ಕೆಲಸ. ಗಿಡಗಳಲ್ಲಿ ಕೊಲೆಸ್ಟರಾಲ್ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಅದರ ದಾಯಾದಿ ಇದೆ, ಗಿಡದ ಸ್ಟೆರಾಲ್ ಎಂದು ಹೆಸರು. ಬೀಜದಲ್ಲಿ, ಎಣ್ಣೆಯಲ್ಲಿ ಅದು ಹೇರಳ. ನೋಡಲು ಇಬ್ಬರೂ ಒಂದೇ ಥರ, ಗಿಡದ್ದಕ್ಕೆ ಪುಟ್ಟ ಬಾಲ ಒಂದು ಹೆಚ್ಚು, ಅಷ್ಟೇ. ಬಾಗಿಲು ಮೋಸಹೋಗಿ ಅದನ್ನೂ ಒಳಗೆ ಬಿಡುತ್ತದೆ. ಅದಕ್ಕೇ ಅಲ್ಲಿ ಇನ್ನೆರಡು ಪ್ರೋಟೀನುಗಳು ಜೋಡಿಯಾಗಿ ನಿಂತಿರುತ್ತವೆ. ಗಿಡದ ಸ್ಟೆರಾಲನ್ನು ಗುರುತಿಸಿ ಕತ್ತು ಹಿಡಿದು ಆಚೆ ದಬ್ಬುತ್ತವೆ. ಒಂದು ಕೆಟ್ಟರೆ ಇನ್ನೊಂದಕ್ಕೂ ಕೈಕಾಲು ಆಡುವುದಿಲ್ಲ.

"ನಿಮ್ಮ ಮಗಳಲ್ಲಿ ಆ ಜೋಡಿ ಕೆಲಸ ಮಾಡ್ತಿಲ್ಲ. ಬೇರೆಯವರ ಮೈಯಿಂದ ಆಚೆ ಹೋಗೋದು ಅವಳ ರಕ್ತದಲ್ಲೇ ಉಳ್ಕೊಂಡಿದೆ. ಚರ್ಮದ ಕೆಳಗೆ ಕೂತು ಗಂಟಾಗಿದೆ. ರಕ್ತದ ಕಣಗಳ ಹೊದಿಕೆಯಲ್ಲಿ ಸೇರಿ ಅವನ್ನೂ ಕೆಡಿಸಿದೆ."

"ಅಷ್ಟೊಂದು ಸಲ ರಕ್ತ ಪರೀಕ್ಷೆ ಆಯ್ತಲ್ಲ ಮೇಡಂ?"

"ಮಾಮೂಲಿ ಪರೀಕ್ಷೆಗೆ ಇಬ್ಬರು ದಾಯಾದಿಗಳ ವ್ಯತ್ಯಾಸ ಗೊತ್ತಾಗಲ್ಲಮ್ಮ. ಎಲ್ಲಾನೂ ಕೊಲೆಸ್ಟರಾಲ್ ಅಂತಲೇ ತೋರಿಸುತ್ತೆ."

ಅಂಕಿ ಏರಿದಂತೆ ಎಣ್ಣೆ ಏರಿಸಿದೆವು, ಎಣ್ಣೆ ಏರಿಸಿದಂತೆ ಅಂಕಿ ಏರಿತು. ಬೇರೆ ಮನೆಯ ಮಗುವಾಗಿದ್ದರೆ ಇಷ್ಟು ಆಗುತ್ತಿರಲಿಲ್ಲವೋ ಏನೋ. ಬೇರೆಯವರು ಯಾರು ಮಗುವಿಗೆ ಎಣ್ಣೆ ಕುಡಿಸುತ್ತಾರೆ?

ಮಾತ್ರೆ ಇದೆಯಂತೆ. ಅದು ಹೋಗಿ ಆ ಒಳಬಾಗಿಲಿಗೇ ಅಗುಳಿ ಹಾಕುತ್ತದೆ. ಅದರ ಜೊತೆ ಊಟದ ಪಥ್ಯ, ಬದುಕಿನುದ್ದಕ್ಕೂ. "ಸರಿಯಾಗಿ ನಡೆಸಿದ್ರೆ ಎಲ್ಲರ ಹಾಗೆ ಅಜ್ಜಿಯಾಗ್ತಾಳೆ" ಎಂದರು. ನನಗೆ ಅವರ ಕಾಲು ಹಿಡಿಯಬೇಕೆನ್ನಿಸಿತು. ಮೇಜು ಅಡ್ಡ ಇತ್ತು.

ಈ ದೋಷ ಅಪ್ಪನ ಕಡೆಯಿಂದ ಒಂದು, ಅಮ್ಮನ ಕಡೆಯಿಂದ ಒಂದು, ಎರಡೂ ಸೇರಿದರೆ ಮಾತ್ರ ಹೀಗಾಗುತ್ತದೆಯಂತೆ. ಅಂದರೆ ನನ್ನಿಂದಲೂ ಬಂದಿದೆ. ನಮ್ಮವರ ವಿಷಯ ಕೇಳಿದೆ. ಇದ್ದಿರಬಹುದು, ಈಗ ಖಚಿತವಾಗಿ ಹೇಳಲಾಗದು ಅಂದರು. ಆಮೇಲೆ ಇನ್ನೊಂದು ಕೇಳಿದೆ: ಊರಿನವರೆಲ್ಲ ನಮ್ಮಲ್ಲೇ ಎಣ್ಣೆ ಒಯ್ಯುತ್ತಾರೆ, ಅವರ ಗತಿ? ಡಾಕ್ಟರಮ್ಮ ನಕ್ಕರು. ಆ ಜೋಡಿ ಸರಿಯಿದ್ದವರಿಗೆ ಗಿಡದ ಸ್ಟೆರಾಲ್ ಉಪಕಾರವನ್ನೇ ಮಾಡುತ್ತದಂತೆ, ಕೊಲೆಸ್ಟರಾಲ್ ಒಳಗೆ ಬರುವ ದಾರಿಯಲ್ಲಿ ಗುಂಪುಕಟ್ಟಿ ಅದಕ್ಕೆ ಜಾಗ ಬಿಡುವುದಿಲ್ಲವಂತೆ. ಈ ಮಾತನ್ನು ಚಿತ್ರದ ಪಕ್ಕದಲ್ಲಿ ಬರೆಸಿಕೊಂಡು ಬಂದೆ.

ಮಾರ್ಚ್ 27, ಗುರುವಾರ

ಹೇಳಲಿಲ್ಲ.

ಮಾರ್ಚ್ 30, ಭಾನುವಾರ

ಸಿಕ್ಕಿಬಿದ್ದೆ.

ಬೆಳಗ್ಗೆ ಮಾವ ಉಪ್ಪು ಕೇಳಲೆಂದು ಅಡುಗೆಮನೆಗೆ ಬಂದರು. ಚೋಟು ಇನ್ನೂ ಹಾಸಿಗೆಯಲ್ಲಿ ಗೊರಕೆ ಹೊಡೆಯುತ್ತಿದ್ದಳು. ನಾನು ಗೋಡೆಯ ಕಡೆ ತಿರುಗಿ ಬಟ್ಟಲೆತ್ತಿ ಕುಡಿಯುತ್ತಿದ್ದೆ. ತಿರುಗಿದರೆ ಅವರು. ತುಟಿಯಿಂದ ಗದ್ದಕ್ಕೆ ಎಣ್ಣೆ ಇಳಿಯುತ್ತಿತ್ತು.

ಮಾವ ಬಟ್ಟಲನ್ನೂ ನನ್ನನ್ನೂ ನೋಡಿದರು. ಕೋಪ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. "ಕೇಳಿದ್ರೆ ನಿನಗೂ ಕೊಡ್ತಿದ್ದೆನಲ್ಲಮ್ಮ. ಮಗು ಪಾಲಿನದ್ಯಾಕೆ..." ಅಂದರು. ತಮಗೇ ನಾಚಿಕೆಯಾದವರಂತೆ ಮುಖ ತಿರುಗಿಸಿದರು.

ಅವರ ಆ ಮುಖ ನೋಡಿ ನನಗೆ ತಡೆಯಲಾಗಲಿಲ್ಲ.

"ಮಗುವಿಗೆ ಎಣ್ಣೆ ಬೇಡ ಮಾವ" ಅಂದೆ.

"ಏನಂದೆ?"

"ಅವಳಿಗೆ ಎಣ್ಣೆ ಕೊಡಬಾರದು. ಇವತ್ತಲ್ಲ, ಯಾವತ್ತೂ ಕೊಡಬಾರದು. ಕೂತ್ಕೊಳ್ಳಿ, ಹೇಳ್ತೀನಿ."

ಕೂತರು. ಡಾಕ್ಟರಮ್ಮನ ಚಿತ್ರ ಅವರ ಮುಂದೆ ಬಿಡಿಸಿಟ್ಟು ಬಾಗಿಲು, ಜೋಡಿ, ಅಗುಳಿ, ತಿಂಗಳ ಹಿಂದೆಯೇ ಅವಳಿಗೆ ಎಣ್ಣೆ ನಿಲ್ಲಿಸಿದ್ದು, ಎಲ್ಲ ಹೇಳಿದೆ. ಮಾವ ಕೇಳುತ್ತಾ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು.

"ಇದರಲ್ಲಿ ಕಲಬೆರಕೆ ಇಲ್ಲಮ್ಮ" ಅಂದರು.

"ಗೊತ್ತು ಮಾವ. ಎಣ್ಣೆಯದ್ದೇನೂ ತಪ್ಪಿಲ್ಲ. ಇದು ಊರಿಗೆಲ್ಲ ಒಳ್ಳೇದೇ, ಇಲ್ಲಿ ಬರೆಸ್ಕೊಂಡೇ ಬಂದಿದ್ದೀನಿ. ಅವಳೊಬ್ಬಳಿಗೆ ಆಗಲ್ಲ."

"ಒಂದು ತಿಂಗಳಿಂದ ನೀನು ಕುಡೀತಿದ್ದೀಯಾ?"

"ಹೂಂ."

"ಹೊಟ್ಟೆ ಏನಾಗ್ಬೇಕು ನಿನ್ನದು" ಎಂದು ಎದ್ದು ಹೋದರು. ಉಪ್ಪು ಮರೆತರು.

ಮಗನ ವಿಷಯಕ್ಕೆ ಅವರ ಯೋಚನೆ ಹೋಗಲಿಲ್ಲ. ಸದ್ಯ.

ಏಪ್ರಿಲ್ 3, ಗುರುವಾರ

ಗಾಣ ನಿಂತಿದೆ. ಭಾನುವಾರದಿಂದ ಮಾವ ಮೋಟಾರಿನ ಗುಂಡಿ ಒತ್ತಿಲ್ಲ. ಸೊಂಟ ಹಿಡಿದಿದೆ ಎಂದು ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ. ಊಟ ಇಟ್ಟರೆ ಎರಡು ತುತ್ತು. ಚೋಟು ಹೋಗಿ ಬೆನ್ನ ಮೇಲೆ ಬಿದ್ದರೂ "ಬೇಡ ಮಗಾ, ಎಣ್ಣೆ ಕೈ" ಎಂದು ಸರಿಸುತ್ತಾರೆ. ಕೈ ತೊಳೆದುಕೊಂಡೇ ಇದ್ದಾರೆ.

ಗಿರಾಕಿಗಳು ಖಾಲಿ ಡಬ್ಬ ಹಿಡಿದು ವಾಪಸು ಹೋದರು. ತೊಳೆದಿಟ್ಟ ಎಳ್ಳು ಹಾಗೇ ಬಿಟ್ಟರೆ ಮುಗ್ಗುತ್ತದೆ. ಮಧ್ಯಾಹ್ನ ನಾನೇ ಹೋಗಿ ಮೋಟಾರು ಹಾಕಿದೆ. ಇಷ್ಟು ವರ್ಷ ನೋಡಿದ್ದು ಕೈಗೆ ಬಂತು, ನೋಡಲು ಬಿಟ್ಟ ಮಾವನ ಉಪಕಾರ. ಮೊದಲು ತುಂಬ ಮಡ್ಡಿ ಬಂತು, ಆಮೇಲೆ ತಿಳಿಯಾಯಿತು. ಆಳು ಬಂದು, "ಯಜಮಾನ್ರನ್ನ ಕೇಳಿದ್ರಾ ಅಕ್ಕಾ?" ಅಂದ. ಕೇಳಬೇಕೆಂದು ಹೊಳೆದೇ ಇರಲಿಲ್ಲ. ಚೀಲ ಹಿಡಿ, ಅಂದೆ.

ಏಪ್ರಿಲ್ 9, ಬುಧವಾರ

ಬೆಣ್ಣೆಯಕ್ಕನ ಅಂಗಡಿಗೆ ಹೋದೆ. ಅವಳಿಗೂ ಮಾವನಿಗೂ ಮೂವತ್ತು ವರ್ಷದ ಜಟಾಪಟಿ. ಇವರು ಬೆಣ್ಣೆ ತಿಂದರೆ ಬೊಜ್ಜು ಅನ್ನುತ್ತಾರೆ, ಅವಳು ಎಣ್ಣೆ ತಿಂದರೆ ಪಿತ್ತ ಅನ್ನುತ್ತಾಳೆ.

"ಗಾಣದ ಮನೆಯವರು ಬೆಣ್ಣೆಗೆ ಬಂದ್ರಾ? ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?" ಎಂದು ಅಂಗಡಿ ಅದುರುವಂತೆ ನಕ್ಕಳು. ಗೆದ್ದೆ ಎಂದು ನಿಮ್ಮ ಮಾವನಿಗೆ ಹೇಳು, ಅಂದಳು. ನಾನು ವಿಷಯ ಹೇಳಿದೆ. ಅವಳ ನಗು ನಿಂತಿತು. ಬೆಣ್ಣೆ ಕಟ್ಟಿಕೊಟ್ಟು, ಜೊತೆಗೆ ಒಂದು ಡಜನ್ ಮೊಟ್ಟೆ ಇಟ್ಟು, "ಮುದುಕನಿಗೆ ಏನೂ ಹೇಳಬೇಡ, ನಾನು ಗೆದ್ದಿಲ್ಲ" ಅಂದಳು. ಎಷ್ಟು ದೊಡ್ಡ ಮನಸ್ಸು.

ಚೋಟು ಮೊಟ್ಟೆ ತಿಂದ ರೀತಿ ನೋಡಬೇಕಿತ್ತು. ಹಳದಿಗೆ ಮುತ್ತು ಕೊಟ್ಟಳು. ಮಿತಿಯಲ್ಲಿ ಕೊಡಬೇಕು ಅಂದಿದ್ದಾರೆ, ಎರಡನೆಯದಕ್ಕೆ ಕೈಹಾಕಿದಾಗ ತಟ್ಟೆ ಎತ್ತಿಟ್ಟೆ.

ಏಪ್ರಿಲ್ 19, ಶನಿವಾರ

ಇವತ್ತಿನದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಸಂಜೆ ಡಬ್ಬಗಳಿಗೆ ಎಣ್ಣೆ ಸೋಸುತ್ತಿದ್ದೆ. ಮಾವ ಮಂಚದಿಂದ ಎದ್ದು ಬಂದು ಚೀಲದ ಮೇಲೆ ಕೂತರು. ಗಡ್ಡ ಬೆಳೆದಿತ್ತು. ನಾನು ಆಲಿಕೆ ಹಿಡಿದು ಸೋಸುತ್ತಲೇ ಇದ್ದೆ.

"ಅವನ ಹಿಮ್ಮಡಿಯಲ್ಲೂ ಇತ್ತು" ಅಂದರು.

ನನ್ನ ಕೈಯಲ್ಲಿನ ಆಲಿಕೆ ಓರೆಯಾಗಿ ಎಣ್ಣೆ ನೆಲಕ್ಕೆ ಹರಿಯಿತು.

"ಬೂಟು ಕಚ್ಚಿದ್ದು ಅಂತ ನಾನೇ ಎಣ್ಣೆ ಹಚ್ಚಿ ತಿಕ್ಕಿದ್ದೆ. ಮೇಲೂ ಹಚ್ಚಿದೆ, ಒಳಗೂ ಕುಡಿಸಿದೆ." ತಲೆಯೆತ್ತಿ, "ಅವನಿಗೂ ಇದೇನಾ ಆಗಿದ್ದು?" ಅಂದರು.

ಇಲ್ಲ ಎನ್ನಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಇಷ್ಟು ದಿನ ಅದನ್ನೇ ಸಿದ್ಧಮಾಡಿಟ್ಟುಕೊಂಡಿದ್ದೆ. ಆದರೆ ಎಲ್ಲ ಗೊತ್ತಿದ್ದೇ ಕೇಳುವವರ ಮುಖ ಅವರದು. ಅಂಥ ಮುಖಕ್ಕೆ ಸುಳ್ಳು ಹೇಳಿದರೆ ಅವರನ್ನು ಆ ಮಂಚದ ಮೇಲೆ ಒಬ್ಬರನ್ನೇ ಬಿಟ್ಟಂತೆ.

"ಇರಬಹುದು ಮಾವ. ಡಾಕ್ಟರಮ್ಮನೂ ಹಾಗೇ ಅಂದ್ರು. ಖಚಿತವಾಗಿ ಗೊತ್ತಾಗೋ ದಾರಿ ಈಗಿಲ್ಲ."

"ಹಾಗಾದ್ರೆ ನನ್ನ ಕೈಯಾರೆ..."

"ನಿಮ್ಮ ಕೈಯಿಂದ ಒಂದೇ ಅಲ್ಲ" ಅಂದೆ. "ಚೋಟುವಿನ ಮೈಗೆ ಇದು ನಿಮ್ಮ ಮಗನಿಂದ ಅರ್ಧ ಬಂದಿದೆ, ನನ್ನಿಂದ ಅರ್ಧ. ಬಟ್ಟಲು ತುಂಬಿದ್ದು ನೀವು, ಪಕ್ಕದಲ್ಲಿ ನಿಂತು ಕುಡಿಸಿದ್ದು ನಾನು. ಅಂಕಿ ಏರಿದಾಗ ಎರಡು ಬಟ್ಟಲು ಅಂದಿರಿ, ನಾನೂ ಹೂಂ ಅಂದೆ. ನಿಮ್ಮನ್ನ ದೂರೋದಾದ್ರೆ ನನ್ನನ್ನೂ ದೂರಬೇಕು. ನನ್ನ ಮಗಳಿಗೆ ನಾನು ವಿಷ ಹಾಕಿದೆ ಅಂತ ಹೇಳ್ತೀರಾ?"

"ಛೇ, ನಿನ್ನನ್ನ ಯಾರು ಅಂತಾರೆ."

"ಹಾಗಾದ್ರೆ ನೀವೂ ಅನ್ಕೋಬೇಡಿ."

ನನ್ನ ದನಿ ಜೋರಾಗಿತ್ತು. ಮಾವ ಅತ್ತರು. ಮಗ ಹೋದಾಗ ಜನರ ಮುಂದೆ ಕಣ್ಣೊರೆಸಿಕೊಂಡಿದ್ದರಷ್ಟೇ, ಹೀಗೆ ಅತ್ತಿರಲಿಲ್ಲ. ನಾನೂ ಅತ್ತೆ. ನೆಲದ ಎಣ್ಣೆಯಲ್ಲಿ ಇಬ್ಬರ ಕಾಲೂ ಒದ್ದೆ.

ಬಹಳ ಹೊತ್ತಿನ ಮೇಲೆ ಕೇಳಿದರು: "ಅವನ ವಿಷಯ ನಿನ್ನ ತಲೆಗೆ ಯಾವಾಗ ಬಂತು?"

"ಮಾರ್ಚ್ ಮೊದಲಲ್ಲೇ."

"ಅಷ್ಟು ದಿನದಿಂದ ಒಬ್ಬಳೇ ಹೊತ್ಕೊಂಡು ಓಡಾಡಿದೆಯಾ? ನಾನು ಇನ್ನೂ ಸತ್ತಿಲ್ಲ ತಾನೇ? ಬುದ್ಧಿ ಇದೆಯಾ ನಿನಗೆ?"

ಮಾವ ನನ್ನನ್ನು ಗದರಿದ್ದು ಇದೇ ಮೊದಲು. ಮನಸ್ಸಿಗೆ ಎಷ್ಟು ಹಿತವಾಯಿತೆಂದು ಬರೆಯಲು ಬರುವುದಿಲ್ಲ.

ಏಪ್ರಿಲ್ 21, ಸೋಮವಾರ

ಗಾಣದ ಸದ್ದಿಗೆ ಎಚ್ಚರವಾಯಿತು. ಮಾವ ಗಡ್ಡ ತೆಗೆದು, ಕೊಳವೆಯ ಕೆಳಗೆ ಡಬ್ಬವಿಟ್ಟು ನಿಂತಿದ್ದರು. ಮೊದಲ ಧಾರೆ ಡಬ್ಬಕ್ಕೇ ಬಿತ್ತು, ಮಾರಾಟಕ್ಕೆ. ಅದು ಬೀಳುವಾಗ ಅವರು ಬೇರೆ ಕಡೆ ನೋಡಿದರು.

ಮೇ 11, ಭಾನುವಾರ

ಮಾವ ಚೋಟುವಿಗೆ ಏನು ಕೊಡಲೂ ಹೆದರುತ್ತಾರೆ. ನೀರು ಕೊಡುವುದಿದ್ದರೂ ನನ್ನ ಮುಖ ನೋಡುತ್ತಾರೆ. ಇದು ಹೀಗೇ ಬಿಟ್ಟರೆ ಆಗದು ಎಂದು ಮೊನ್ನೆ ಡಾಕ್ಟರಮ್ಮನನ್ನು ಕೇಳಿಕೊಂಡೇ ಬಂದಿದ್ದೆ. ತಲೆಗೆ ಹಚ್ಚಿದರೆ ಏನೂ ಆಗದಂತೆ, ಬಾಯಿಗೆ ಹೋಗದಿದ್ದರಾಯಿತು.

"ಇವತ್ತಿಂದ ವಾರಕ್ಕೊಂದು ಸಲ ಅವಳ ತಲೆಗೆ ಎಣ್ಣೆ ಹಚ್ಚೋದು ನಿಮ್ಮ ಕೆಲಸ" ಎಂದು ಬಟ್ಟಲು ಅವರ ಕೈಗೇ ಕೊಟ್ಟೆ. ಬೇಡಮ್ಮ, ನೀನೇ ಹಚ್ಚು, ಅಂದರು. ನನಗೆ ಗಾಣದ ಕೆಲಸ ಇದೆ, ಅಂದೆ. ಚೋಟು ಆಗಲೇ ಅವರ ಕಾಲ ನಡುವೆ ಕೂತಾಗಿತ್ತು. ಮೊದಲು ಒಂದೇ ಬೆರಳಿನಿಂದ ಹಚ್ಚಿದರು, ಆಮೇಲೆ ಎರಡೂ ಕೈಯಿಂದ. ಹಣೆಗೆ ಇಳಿದ ಒಂದು ಹನಿಯನ್ನು ಹೆದರಿ ಹೆದರಿ ಒರೆಸಿದರು.

ಮೇ 29, ಗುರುವಾರ

ಚೋಟು ಗಿಡ್ಡ ತೋಳಿನ ಅಂಗಿ ಹಾಕಿಕೊಂಡು ಅಂಗಡಿಗೆ ಹೋಗಿ ಬಂದಳು. ನಾನು ಏನೂ ಕೇಳಲಿಲ್ಲ. ಗಂಟುಗಳು ಇನ್ನೂ ಇವೆ, ಮೆತ್ತಗಾಗಿವೆ.

ಜೂನ್ 16, ಸೋಮವಾರ

ವರದಿಯ ದಿನ. ನಾನು ಹೊರಗೇ ಕೂತಿರ್ತೀನಿ ಎಂದು ಮಾವ ಬೆಂಚು ಹಿಡಿದು ಕೂತರು. ಒಳಗೆ ಬನ್ನಿ, ಅಂದೆ. ಬಂದರು.

ಅಂಕಿ ಅರ್ಧಕ್ಕಿಂತ ಕೆಳಗೆ ಇಳಿದಿದೆ. ರಕ್ತದ ಕಣಗಳು ಹೆಚ್ಚಿವೆ. ಹೃದಯದ ಚಿತ್ರವನ್ನೂ ಕುತ್ತಿಗೆಯ ನಾಳದ ಚಿತ್ರವನ್ನೂ ಡಾಕ್ಟರಮ್ಮ ಪರದೆಯ ಮೇಲೆ ತೋರಿಸಿದರು. ನಾಳದಲ್ಲಿ ಎಲ್ಲಿಯೂ ತಡೆಯಿಲ್ಲ. ಗಂಟುಗಳು ಕರಗಲು ಇನ್ನೂ ಸಮಯ ಬೇಕು, ಕರಗುತ್ತವೆ ಎಂದರು. ಚೋಟು ತನ್ನ ಹೃದಯ ಬಡಿಯುವುದನ್ನು ನೋಡಿ, "ಕಪ್ಪೆ ಥರ ಇದೆ" ಅಂದಳು.

ಮಾವ ಪರದೆಯನ್ನೇ ನೋಡುತ್ತಿದ್ದರು. "ಇದು ಮೊದಲೇ ಗೊತ್ತಾಗಿದ್ರೆ ಮೇಡಂ... ಇವಳಪ್ಪನಿಗೆ..." ಅಂದರು.

ಡಾಕ್ಟರಮ್ಮ ಕನ್ನಡಕ ತೆಗೆದರು. "ಗೊತ್ತಾಗಿದ್ರೆ ಉಳಿಸೋಕೆ ಪ್ರಯತ್ನ ಮಾಡಬಹುದಿತ್ತು ಯಜಮಾನ್ರೇ. ನಮ್ಮಂಥ ಡಾಕ್ಟರುಗಳಿಗೇ ಇದು ಎಷ್ಟೋ ಸಲ ಗೊತ್ತಾಗಲ್ಲ. ಇವಳದ್ದು ಈಗ ಗೊತ್ತಾಗಿದೆ, ಈ ವಯಸ್ಸಲ್ಲೇ." ಮುಚ್ಚುಮರೆಯಿಲ್ಲದೆ ಹೇಳಿದ್ದಕ್ಕೆ ಅವರಿಗೆ ಎಷ್ಟು ಕೈಮುಗಿದರೂ ಸಾಲದು.

ಹೊರಗೆ ಬಂದ ಮೇಲೆ ಔಷಧಿ ಕಿಟಕಿಯಲ್ಲಿ ಮಾತ್ರೆಯ ಚೀಟಿ ಕೊಟ್ಟೆವು. ಮಗುವಿನ ಜವಾಬ್ದಾರಿ ಯಾರದು, ಯಾರ ಹೆಸರು ಬರೆಯಲಿ, ಎಂದು ಆ ಹುಡುಗಿ ಮಾವನನ್ನು ಕೇಳಿದಳು. ಮಾವ ನನ್ನ ಕಡೆ ಕೈತೋರಿಸಿ, "ಯಜಮಾನಿ ಅವಳು, ಅವಳನ್ನ ಕೇಳಮ್ಮ" ಅಂದರು. ಇವರ ತಮಾಷೆಗೆ ಹೊತ್ತುಗೊತ್ತಿಲ್ಲ.

ಬಸ್ಸು ಬರಲು ತಡವಿತ್ತು. ಚೋಟು ನಿಲ್ದಾಣದ ಕಂಬಿಗೆ ಜೋತು ಬಿದ್ದು ಆಡುತ್ತಿದ್ದಳು. ಮಾವ ಪಕ್ಕದಲ್ಲಿ ಕೂತು ಸುಮಾರು ಹೊತ್ತು ಅವಳನ್ನೇ ನೋಡಿದರು.

"ಅವತ್ತು ಅಡುಗೆಮನೆಯಲ್ಲಿ ನೀನು ಬೇಡ ಅಂದೆಯಲ್ಲ, ಅದನ್ನ ಅವನ ಕಾಲದಲ್ಲಿ ನನಗೆ ಹೇಳೋರು ಯಾರೂ ಇರಲಿಲ್ಲ. ನೀನು ಹೇಳಿದೆ. ಮಗು ಉಳೀತು" ಅಂದರು. ಆಮೇಲೆ ನನ್ನ ಕಡೆ ತಿರುಗಿ ಎರಡೂ ಕೈ ಜೋಡಿಸಿದರು.

ನಾನು ಊರಿಗೆಲ್ಲ ಉಪಕಾರ ಹೇಳಿಕೊಂಡು ಬಂದವಳು. ನನಗೇ ಯಾರಾದರೂ ಹೇಳಿದರೆ ಏನನ್ನಬೇಕು ಎಂಬುದು ಗೊತ್ತಿರಲಿಲ್ಲ. ಅವರ ಜೋಡಿಸಿದ ಕೈ ಹಿಡಿದು ಬಿಡಿಸಿದೆ.

"ಬಸ್ಸು ಬಂತು, ಏಳಿ. ಹೋಗಿ ಡಬ್ಬ ತೊಳೆಯೋದಿದೆ" ಅಂದೆ.

ಹೂಂ ಎಂದು ಎದ್ದರು.